ಎರಡು ಹಿತ್ತಲಿನ ನಡುವಿನ ಶೆಡ್ಡು

ಪೇಪರ್ ಮಿಲ್ಲಿನ ಊರಲ್ಲಿ ಬೆಳೆಯದವರಿಗೆ ಫೆಲ್ಟ್ ಎಂದರೇನೆಂದು ಹೇಳಿ ಅರ್ಥ ಮಾಡಿಸುವುದು ಕಷ್ಟ. ಕಾಗದ ಮಾಡುವ ಯಂತ್ರದಲ್ಲಿ ಹಸಿ ಕಾಗದವನ್ನು ಹೊತ್ತು ಓಡುವ ದಪ್ಪ ಕಂಬಳಿ ಅದು. ಸವೆದ ಮೇಲೆ ಯಂತ್ರದಿಂದ ಇಳಿಸುತ್ತಾರೆ. ಇಳಿದ ಮೇಲೆ ಅದು ದಾಂಡೇಲಿಯ ಮನೆಗಳಿಗೆ ಬಂದು ಇನ್ನೊಂದು ಜನ್ಮ ಕಳೆಯುತ್ತದೆ. ನಾನು ಕೂಸಾಗಿದ್ದಾಗ ನನ್ನನ್ನು ಮಲಗಿಸಿದ್ದು ಅದರ ಮೇಲೆ. ಮಳೆಗಾಲದಲ್ಲಿ ನಮ್ಮ ಆಡಿನ ಮೈಮೇಲೆ ಹೊದಿಸಿದ್ದೂ ಅದನ್ನೇ. ಮೊನ್ನೆ ಹಿಂಬಾಗಿಲಲ್ಲಿ ಕಸ ಗುಡಿಸುವಾಗ ಅದರದೊಂದು ತುಂಡು ಕಸಬರಿಗೆಗೆ ಸಿಕ್ಕಿಕೊಂಡಿತು. ಎತ್ತಿ ಮೂಸಿದೆ. ಮಳೆಯಲ್ಲಿ ನೆನೆದ ನಾಯಿಯ ವಾಸನೆ. ಎಸೆಯಲು ಮನಸ್ಸಾಗಲಿಲ್ಲ, ಇಟ್ಟುಕೊಳ್ಳಲು ಜಾಗವಿಲ್ಲ. ಜಾಗ ಯಾಕಿಲ್ಲ ಎಂದು ಹೇಳಹೊರಟರೆ ನಮ್ಮ ಬಡಾವಣೆಯ ನಿವಾಸಿಗಳ ಸಂಘದ ಕಥೆ ಹೇಳಬೇಕಾಗುತ್ತದೆ. ಅದನ್ನು ನೆನೆದರೇ ನನಗೆ ಸುಸ್ತು. ಆದರೂ ನೀವು ಕೂತಿದ್ದೀರಿ, ಹೇಳುತ್ತೇನೆ.

ಮೊದಲೇ ತಿಳಿಸಿಬಿಡುವುದು ಒಳ್ಳೆಯದು, ಆ ಸಂಘದ ಕಾರ್ಯದರ್ಶಿ ನಾನೇ. ಯಾರೂ ನನ್ನನ್ನು ಆರಿಸಲಿಲ್ಲ. ಹಳಿಯಾಳದ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದ ಹೊಸತರಲ್ಲಿ, ಮನೆಯಲ್ಲಿ ಕೂತು ಬೇಜಾರಾಗಿ, ಸಂಘದ ಸಭೆಗೆ ಚಹಾ ಕುಡಿಯಲು ಹೋಗಿದ್ದೆ. ಅಧ್ಯಕ್ಷರು ನನ್ನತ್ತ ನೋಡಿ, "ಟೀಚರ್ ಅಕ್ಷರ ಛಲೋ ಅದಾವ. ಅವರ ಬರ್ಕೋಲಿ" ಎಂದರು. ಚಹಾ ಮುಗಿಯುವಷ್ಟರಲ್ಲಿ ನಾನು ಕಾರ್ಯದರ್ಶಿಯಾಗಿದ್ದೆ. ನಿಯಮಗಳನ್ನೆಲ್ಲ ಒಳ್ಳೆಯ ಕನ್ನಡದಲ್ಲಿ ಬರೆದುಕೊಡಿ ಎಂದರು. ಬರೆದೆ. ಬೇರೆಯವರ ಗೇಟಿನ ಮುಂದೆ ಗಾಡಿ ನಿಲ್ಲಿಸಬಾರದು. ರಸ್ತೆಗೆ ಕಾಣುವಂತೆ ಬಟ್ಟೆ ಒಣಹಾಕಬಾರದು. "ಹಿತ್ತಲಿನಲ್ಲಿ ತಾತ್ಕಾಲಿಕವಾಗಲಿ ಶಾಶ್ವತವಾಗಲಿ ಯಾವುದೇ ಬಗೆಯ ಶೆಡ್ಡನ್ನು ನಿರ್ಮಿಸತಕ್ಕದ್ದಲ್ಲ." ಈ ಕೊನೆಯ ವಾಕ್ಯ ನನಗೆ ಬಹಳ ಹಿಡಿಸಿತ್ತು. ಗಟ್ಟಿಯಾಗಿ ಎರಡು ಸಲ ಓದಿಕೊಂಡೆ. ನಮ್ಮ ಹಿತ್ತಲಲ್ಲೇ ಒಂದು ಶೆಡ್ಡು ಇದೆ ಎಂಬುದು ಆಗ ನನಗೆ ಹೊಳೆಯಲೇ ಇಲ್ಲ. ಅದನ್ನು ನಾನು ಯಾವತ್ತೂ ಶೆಡ್ಡು ಎಂದುಕೊಂಡಿರಲಿಲ್ಲ, ಮನೆಯ ಒಂದು ಕೋಣೆ ಎಂದುಕೊಂಡಿದ್ದೆ.

ಇದು ನಿಮಗೆ ವಿಚಿತ್ರವೆನ್ನಿಸಿದರೆ ನೀವು ಮಿಲ್ಲಿನ ಕ್ವಾರ್ಟರ್ಸಿನಲ್ಲಿ ಬೆಳೆದವರಲ್ಲ. ಧಾರವಾಡದ ಕಡೆಯಿಂದ ಕೆಲಸಕ್ಕೆ ಬಂದ ನಮ್ಮಪ್ಪನಿಗೆ ಕೊಟ್ಟ ಮನೆಗೆ ಮುಂದೊಂದು ಬಾಗಿಲಿತ್ತು, ಹಿಂದೊಂದು ಬಾಗಿಲಿತ್ತು. ಮುಂದಿನದು ದೇವರಿಗೆ, ದೀಪಾವಳಿಯ ಹಣತೆಗೆ ಮತ್ತು ಆಫೀಸರರಿಗೆ. ಬದುಕೆಲ್ಲ ಹಿಂದೆ. ಎರಡು ಸಾಲು ಮನೆಗಳ ಬೆನ್ನು ಒಂದಕ್ಕೊಂದು ತಿರುಗಿ ನಡುವೆ ಸಣ್ಣ ಓಣಿ, ಓಣಿಯ ಎರಡೂ ಬದಿಗೆ ಬಿದಿರು, ತಗಡು, ಫೆಲ್ಟು ಸೇರಿಸಿ ಕಟ್ಟಿದ ಶೆಡ್ಡುಗಳು. ಕಟ್ಟಿಗೆ ಅಲ್ಲಿ, ಆಡು ಅಲ್ಲಿ, ಸೈಕಲ್ ಅಲ್ಲಿ, ರಾತ್ರಿ ಪಾಳಿ ಮುಗಿಸಿ ಬಂದ ಗಂಡಸರು ಮಲಗುವುದೂ ಅಲ್ಲಿ. ಸಾರು ಕೇಳಲು ಬಂದವರು, ಜಗಳಕ್ಕೆ ಬಂದವರು, ಎಲ್ಲರೂ ಹಿಂದಿನಿಂದಲೇ. ಎದುರು ಸಾಲಿನ ಮನೆಗಳ ಮುಂಬಾಗಿಲು ಯಾವ ಬಣ್ಣದ್ದೆಂದು ಅವ್ವನಿಗೆ ಕೊನೆಯವರೆಗೂ ಗೊತ್ತಿರಲಿಲ್ಲ. ನನ್ನನ್ನು ನೋಡಲು ವರ ಬಂದಾಗ ಎಲ್ಲರೂ ಮುಂಬಾಗಿಲಲ್ಲಿ ಕಾಯುತ್ತಿದ್ದರೆ, ಅದೇ ಕ್ವಾರ್ಟರ್ಸಿನ ಹುಡುಗನಾದ ಆತ ರೂಢಿಯಂತೆ ಹಿತ್ತಲಿಂದ ಬಂದು ನಾನು ಮುಖ ತೊಳೆಯುವ ಕಲ್ಲಿನ ಹತ್ತಿರ ನಿಂತಿದ್ದ. ಮುಖಕ್ಕೆ ಸಾಬೂನು ಬಳಿದುಕೊಂಡೇ ನಾನು ಒಪ್ಪಿಗೆಯಾದೆ. ಆತನೇ ಬಸವರಾಜ, ನಮ್ಮ ಮನೆಯವರು.

ನನಗೂ ಆ ಚಾಳಿ ಬಿಡಲಿಲ್ಲ. ಮೊದಲ ನೌಕರಿ ಮುಂಡಗೋಡದ ಆಚೆ ಮಳಗಿಯಲ್ಲಿ. ಹೆಡ್‌ಮಾಸ್ತರರ ಮನೆಗೆ ಊಟಕ್ಕೆ ಕರೆದಿದ್ದರು. ನಾನು ಸೀದಾ ಮನೆ ಸುತ್ತು ಹಾಕಿ ಹಿಂದಿನಿಂದ ಹೋದೆ. ಬಚ್ಚಲಲ್ಲಿ ಅವರ ತಾಯಿ ಸ್ನಾನ ಮಾಡುತ್ತಿದ್ದರು. ಅವರು ಹಾಕಿದ ಕೂಗಿಗೆ ಊರು ಕೂಡಿತು. ಅಲ್ಲಿನವರು ಟೀಚರನ್ನು ಬಾಯಾರು ಎನ್ನುತ್ತಾರೆ, ಆ ವರ್ಷವೆಲ್ಲ ನನ್ನನ್ನು ಕಳ್ಳ ಬಾಯಾರು ಎಂದರು.

ಪರಶುರಾಮ ಅವರು ನಮ್ಮವರ ಜೊತೆ ಒಂದೇ ಯಂತ್ರದ ಮೇಲೆ ದುಡಿದವರು. ಜೋಯಿಡಾ ಕಡೆಯವರು, ಅವರ ಊರು ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದೆ. ಇಬ್ಬರೂ ನಿವೃತ್ತಿಗೆ ಮುಂಚೆ ಸೈಟು ಕೊಳ್ಳುವಾಗ ಬೇರೆ ಏನನ್ನೂ ನೋಡಲಿಲ್ಲ. ನೀರು ಬರುತ್ತದೆಯೋ, ಮೂಡಣ ಬಾಗಿಲಾಗುತ್ತದೆಯೋ, ಯಾವುದೂ ಬೇಡ. ಬೆನ್ನಿಗೆ ಬೆನ್ನು ಹಚ್ಚಿದ ಎರಡು ಸೈಟು ಬೇಕು, ಅಷ್ಟೇ. ಸಿಕ್ಕವು. ನಮ್ಮ ಮನೆ ಒಂದು ರಸ್ತೆಗೆ, ಅವರದು ಆಚೆಯ ರಸ್ತೆಗೆ. ನಡುವೆ ಗೋಡೆ ಕಟ್ಟಲಿಲ್ಲ. ಗೋಡೆ ಬರಬೇಕಾದ ಗೆರೆಯ ಮೇಲೆಯೇ, ಅರ್ಧ ನಮ್ಮಲ್ಲಿ ಅರ್ಧ ಅವರಲ್ಲಿ ಬರುವಂತೆ, ಒಂದು ಶೆಡ್ಡು ಎಬ್ಬಿಸಿದರು. ಮಳೆ ಹೊಡೆಯುವ ಕಡೆಗೆ ಫೆಲ್ಟು ಇಳಿಬಿಟ್ಟರು. ಎರಡು ಕಡೆಗೂ ಕದವಿಲ್ಲದ ಬಾಗಿಲು. ಒಳಗೆ ಎರಡು ಕುರ್ಚಿ. ಬೆಳಗಿನ ಚಹಾದ ಸ್ಟೀಲ್ ಲೋಟ ಇವರು ಇಲ್ಲಿಂದ, ಅವರು ಅಲ್ಲಿಂದ ಕೈಯಲ್ಲಿ ಹಿಡಿದು ಹೋದರೆ, ಊಟಕ್ಕೆ ಕೂಗಿದಾಗಲೇ ಏಳುವುದು.

ಹೀಗಿರುವಾಗ ಪರಶುರಾಮರ ಮಗ ಪ್ರವಾಸಿಗರನ್ನು ಹೊಳೆಗೆ ಕರೆದೊಯ್ಯುವ ಜೀಪು ಕೊಂಡ. ತಲೆಯ ಮೇಲೆ ಉಬ್ಬಿದ ರಬ್ಬರಿನ ದೋಣಿ ಹೊತ್ತ ಜೀಪು. ಅವರ ರಸ್ತೆಯಲ್ಲಿ ಗಟಾರು ಅಗೆದು ಬಿಟ್ಟಿದ್ದರಿಂದ ಅದನ್ನು ತಂದು ನಮ್ಮ ರಸ್ತೆಯಲ್ಲಿ, ನಮ್ಮ ಗೇಟಿಗೇ ನಿಲ್ಲಿಸತೊಡಗಿದ. ನಮ್ಮವರಿಗೆ ಸ್ಕೂಟರು ಹೊರಗೆ ತೆಗೆಯಲು ಆಗದು. ಕೆಲವು ದಿನ ಸಹಿಸಿದರು. ಒಂದು ದಿನ ಶೆಡ್ಡಿನಲ್ಲಿ ಮಾತು ತೆಗೆದರು.

"ನಿನ್ನ ಮಗಗ ಒಂದೀಟು ಹೇಳು. ನಮ್ಮ ಗೇಟ್ ಬಿಟ್ಟು ನಿಲ್ಲಸಂತ."

"ರೋಡ್ ಐತಿ, ನಿಲ್ಲಸ್ಯಾನ. ನಿನ್ನ ತಲಿ ಮ್ಯಾಲ ನಿಲ್ಲಸ್ಯಾನೇನ?"

"ಸಂಘದ ರೂಲ್ ಐತಿ."

"ಹೆಂಡ್ತಿ ಕಾರ್ಯದರ್ಶಿ ಆಗ್ಯಾಳಂತ ನೀ ನನಗ ರೂಲ್ ಹೇಳ್ಬ್ಯಾಡ."

ಅಷ್ಟೇ. ಇದನ್ನು ಅಡುಗೆಮನೆಯ ಕಿಟಕಿಯಿಂದ ನಾನೇ ಕೇಳಿದ್ದು. ಅಂದಿನಿಂದ ಇಬ್ಬರೂ ಮಾತು ಬಿಟ್ಟರು. ಆಮೇಲೆ ಆ ಹುಡುಗ ಜೀಪನ್ನು ಬೇರೆ ಕಡೆ ನಿಲ್ಲಿಸಿದ, ಗಟಾರೂ ಮುಚ್ಚಿತು. ಇವರ ಬಾಯಿ ಮಾತ್ರ ತೆರೆಯಲಿಲ್ಲ. ಪರಶುರಾಮರ ಹೆಂಡತಿ ರುಕ್ಮಾಬಾಯಿ ಮತ್ತು ನಾನು ಇಬ್ಬರೂ ಮಧ್ಯಸ್ಥಿಕೆ ಮಾಡಿ ಮಾಡಿ ದಣಿದೆವು.

ಆದರೆ ಒಂದು ಸೋಜಿಗ. ಮಾತು ಬಿಟ್ಟವರು ಶೆಡ್ಡು ಬಿಡಲಿಲ್ಲ. ಬೆಳಗಾದರೆ ಇವರು ಇಲ್ಲಿಂದ, ಅವರು ಅಲ್ಲಿಂದ. ತಮ್ಮ ತಮ್ಮ ಅರ್ಧದಲ್ಲಿ ತಮ್ಮ ತಮ್ಮ ಕುರ್ಚಿ. ಹಟಕ್ಕೆ ಕೂಡುತ್ತಾರೆ, ಜಾಗ ಬಿಟ್ಟುಕೊಡಲು ಮನಸ್ಸಿಲ್ಲ ಎಂದುಕೊಂಡೆ. ಒಂದು ದಿನ ಒಗ್ಗರಣೆಗೆ ಕರಿಬೇವು ಹರಿಯಲು ಹಿತ್ತಲಿಗೆ ಹೋದವಳು ಫೆಲ್ಟಿನ ಸಂದಿಯಿಂದ ಒಳಗೆ ನೋಡಿದೆ. ಪರಶುರಾಮರು ಅಂಗೈಯನ್ನು ಅಡ್ಡ ಬೀಸಿ, ಬೆರಳು ತಿರುವಿ, ಎದೆ ಮುಟ್ಟಿಕೊಂಡು ಏನೋ ಮಾಡುತ್ತಿದ್ದರು. ನಮ್ಮವರು ತಲೆಯಾಡಿಸಿ ಎರಡು ಕೈಯಲ್ಲಿ ಉತ್ತರ ಕೊಡುತ್ತಿದ್ದರು. ಮುಖದಲ್ಲಿ ನಗು.

ನನಗೆ ಗೊತ್ತಾಯಿತು. ಕಾಗದದ ಯಂತ್ರ ಓಡುವ ಮನೆಯಲ್ಲಿ ಪಕ್ಕದವನು ಕೂಗಿದರೂ ಕೇಳುವುದಿಲ್ಲ. ಅಲ್ಲಿ ಮಾತೆಲ್ಲ ಕೈಯಲ್ಲೇ. ಕಾಗದ ಹರಿಯಿತು, ನೀರು ಬಿಡು, ಚಹಾಕ್ಕೆ ಹೋಗೋಣ, ಎಲ್ಲಕ್ಕೂ ಒಂದೊಂದು ಕೈ. ಭುಜದ ಮೇಲೆ ಎರಡು ಬೆರಳಿಟ್ಟರೆ ಆಫೀಸರ್ ಬರುತ್ತಿದ್ದಾನೆ ಎಂದು. ನಮ್ಮಪ್ಪ ಪಾಳಿ ಮುಗಿಸಿ ಬಂದು ಊಟಕ್ಕೆ ಕೂತರೂ ಅನ್ನ ಸಾಕು ಎಂಬುದನ್ನು ಕೈಯಲ್ಲೇ ಹೇಳುತ್ತಿದ್ದ. "ಮನ್ಯಾಗರೆ ಬಾಯಿ ತಗೀರಿ" ಎಂದು ಅವ್ವ ಬೈಯುತ್ತಿದ್ದಳು. ಮಿಲ್ಲಿನ ಆ ಕೈಮಾತನ್ನು ಈ ಇಬ್ಬರೂ ಮರೆತಿರಲಿಲ್ಲ. ಮಾತಾಡುವುದಿಲ್ಲ ಎಂದು ಆಣೆ ಹಾಕಿದವರು ಆಣೆಯನ್ನೂ ಉಳಿಸಿಕೊಂಡು ಜೀಪಿನ ಸುದ್ದಿ ಬಿಟ್ಟು ಉಳಿದದ್ದೆಲ್ಲ ಮಾತಾಡುತ್ತಿದ್ದರು. ನಾನು ನೋಡುತ್ತಿರುವುದು ಕಂಡ ಕೂಡಲೇ ನಮ್ಮವರು ಭುಜದ ಮೇಲೆ ಎರಡು ಬೆರಳಿಟ್ಟರು. ಇಬ್ಬರೂ ಗಂಭೀರವಾಗಿ ಬೇರೆ ಬೇರೆ ದಿಕ್ಕು ನೋಡಿದರು. ನನ್ನ ಮದುವೆಯಾಗಿ ಇಷ್ಟು ಕಾಲವಾದ ಮೇಲೆ ನಾನು ಆಫೀಸರ್ ಆಗಿದ್ದೆ.

ರುಕ್ಮಾಬಾಯಿಗೆ ಹೇಳಿದರೆ ಆಕೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ನಮಗ ಗೊತ್ತೈತಿ ಅಂತ ತೋರಿಸ್ಕೊಳ್ಳೂದು ಬ್ಯಾಡ್ರಿ. ನಾಚ್ಕೊಂಡು ಅದನ್ನೂ ಬಿಟ್ಟಾರು" ಎಂದಳು. ಇಬ್ಬರೂ ಕಣ್ಣಿದ್ದೂ ಕಾಣದವರಂತೆ ಇದ್ದೆವು. ನಮ್ಮವರು ಮೊದಲಿನಿಂದ ಮಿತಮಾತು. ಬೇರೆ ಗೆಳೆಯರೆಂದು ಯಾರೂ ಇಲ್ಲ. ದಿನಕ್ಕೆ ಆ ಒಂದು ಹೊತ್ತು ಇರುವವರೆಗೆ ಅವರು ಚೆನ್ನಾಗಿರುತ್ತಾರೆ ಎಂಬುದು ನನಗೆ ಗೊತ್ತಿತ್ತು. ಅದೊಂದೇ ನನಗೆ ಬೇಕಾಗಿದ್ದದ್ದು.

ಇಷ್ಟರಲ್ಲಿ ಸಂಘಕ್ಕೆ ವಾಟ್ಸಾಪ್ ಗುಂಪು ಬಂತು. ಬೆಳಿಗ್ಗೆ ಗುಲಾಬಿ ಹೂವಿನ ಶುಭೋದಯ, ಮಧ್ಯಾಹ್ನ ಯಾರದೋ ಗೇಟಿನ ಮುಂದೆ ನಿಂತ ಕಾರಿನ ಫೋಟೊ, ಸಂಜೆ ಆ ಫೋಟೊಕ್ಕೆ ಉತ್ತರವಾಗಿ ಇನ್ನೊಬ್ಬರ ಕಾರಿನ ಫೋಟೊ. ಕೆಳಗೆ "ಕಾರ್ಯದರ್ಶಿಯವರು ಗಮನಿಸಬೇಕು." ನಾನು ಗಮನಿಸಿ ಗಮನಿಸಿ ಕಣ್ಣಿಗೆ ನೀರು ಬರುತ್ತಿತ್ತು. ಎಲ್ಲರೂ ಒಮ್ಮೆ ಒಟ್ಟಿಗೆ ಕೂತು ಉಂಡರೆ ಸರಿಹೋಗಬಹುದೆಂದು ಮೌಳಂಗಿಗೆ ವನಭೋಜನಕ್ಕೆ ಕರೆದೊಯ್ದೆವು. ಅಲ್ಲಿ ಹೊಳೆ ದಂಡೆಯ ನೆರಳಿನಲ್ಲಿ ಯಾರ ಕಾರು ನಿಲ್ಲಬೇಕೆಂದು ಜಗಳವಾಗಿ ಪಲಾವು ತಣ್ಣಗಾಯಿತು. ಬರುವಾಗ ಒಂದೇ ಗುಂಪಿನವರು ಮೂರು ದಿಕ್ಕಿಗೆ ಮುಖ ಮಾಡಿಕೊಂಡು ಬಂದೆವು.

ಶೆಡ್ಡುಗಳು ಒಂದೊಂದಾಗಿ ಹೋದವು. ಒಬ್ಬರ ಕೋಳಿಗೂಡು ಹೋಯಿತು. ರಸ್ತೆಯ ತುದಿಯಲ್ಲಿ ಒಬ್ಬ ಮುದುಕಿ ಮಳೆಗಾಲಕ್ಕೆ ಕಟ್ಟಿಗೆ ಒಟ್ಟುವ ತಗಡಿನ ಗೂಡು ಹೋಯಿತು. ಎಲ್ಲಕ್ಕೂ ನನ್ನದೇ ಅಕ್ಷರದ ನೋಟಿಸು. ಕೊನೆಗೆ ಒಂದು ದಿನ ಗುಂಪಿನಲ್ಲಿ ನಮ್ಮ ಶೆಡ್ಡಿನ ಫೋಟೊ ಬಂತು, ಮೇಲಿನಿಂದ ತೆಗೆದದ್ದು, ಸುತ್ತ ಕೆಂಪು ಗೆರೆ. ಹಾಕಿದವರು ಪಕ್ಕದ ಮನೆಯ ದಿನಕರ್. ಶಿವಮೊಗ್ಗದ ಕಡೆಯವರು, ಮನೆಯ ಮಹಡಿಯಲ್ಲಿ ಪ್ರವಾಸಿಗರಿಗೆ ಹೋಮ್‌ಸ್ಟೇ ನಡೆಸುತ್ತಾರೆ. ಕೆಟ್ಟವರಲ್ಲ, ಹಬ್ಬಕ್ಕೆ ಒಬ್ಬಟ್ಟು ಕೊಟ್ಟು ಕಳಿಸುವವರು. ಸಂಜೆ ತಾವೇ ಬಂದರು.

"ಮೇಡಂ, ತಪ್ಪು ತಿಳ್ಕೋಬೇಡಿ. ಬಾಲ್ಕನಿಯಲ್ಲಿ ಕೂತ ಗೆಸ್ಟುಗಳಿಗೆ ಕಾಣೋದು ಅದೇ. ಆ ಕಂಬಳಿ ವಾಸನೆ ಬೇರೆ. ಎಲ್ಲರದೂ ತೆಗೆಸಿದ್ದೀರಿ ಅಲ್ವಾ?"

ತೆಗೆಸಿದ್ದೆ. ಮುದುಕಿಯ ಕಟ್ಟಿಗೆ ಗೂಡು ಕಣ್ಣ ಮುಂದೆ ಬಂತು.  ನನ್ನ ಮನೆಗೆ ನಾನೇ ನೋಟಿಸು ಬರೆದು, ಸಂಘದ ಶಿಕ್ಕೆ ಒತ್ತಿ, ಊಟದ ಹೊತ್ತಿಗೆ ತಟ್ಟೆಯ ಪಕ್ಕ ಇಟ್ಟೆ. ನಮ್ಮವರು ಓದಿದರು. "ಛಲೋ ಬರದಿ" ಎಂದು ಮಜ್ಜಿಗೆ ಕೇಳಿದರು.

ಸಭೆಯಲ್ಲಿ ನಾನು ಒಂದು ಪ್ರಯತ್ನ ಮಾಡಿದೆ. ಇಬ್ಬರು ವಯಸ್ಸಾದವರು ದಿನಾ ಕೂಡುವ ಜಾಗ, ಅದೊಂದನ್ನು ಬಿಡಬಹುದಲ್ಲ ಎಂದೆ. ಅಧ್ಯಕ್ಷರು ಕನ್ನಡಕ ಸರಿಸಿ ನಕ್ಕರು.

"ಟೀಚರ್, ಅವರಿಬ್ಬರೂ ಮಾತ ಬಿಟ್ಟು ವರ್ಷ ಆತು. ಊರಿಗೆಲ್ಲಾ ಗೊತ್ತೈತಿ. ಮಾತಾಡ್ಲಾರದವರಿಗೆ ಕುಂದ್ರಾಕ ಜಾಗಾ ಯಾಕ ಬೇಕ್ರಿ?"

ಸಭೆಯೆಲ್ಲ ನಕ್ಕಿತು. ಉತ್ತರ ನನ್ನ ಬಾಯಲ್ಲಿತ್ತು. ಅವರು ಮಾತಾಡುತ್ತಾರೆ, ನೀವೆಲ್ಲ ಸೇರಿ ಮಾತಾಡುವುದಕ್ಕಿಂತ ಹೆಚ್ಚು ಮಾತಾಡುತ್ತಾರೆ ಎಂದು ಹೇಳಬೇಕಿತ್ತು. ಹೇಳಿದರೆ ಇಬ್ಬರ ಹಟವೂ ಊರ ಮುಂದೆ ಬಯಲಾಗಿ, ನಗೆಪಾಟಲಾಗಿ, ಮರುದಿನದಿಂದ ಇಬ್ಬರೂ ಹಿತ್ತಲಿಗೇ ಬರುತ್ತಿರಲಿಲ್ಲ. ಒಂದು ಸಾಲಿನಲ್ಲಿ ನಮ್ಮವರು ನೆಲ ನೋಡುತ್ತ ಕೂತಿದ್ದರು. ಇನ್ನೊಂದು ಸಾಲಿನಲ್ಲಿ ಪರಶುರಾಮರು. ನಾನು ಬಾಯಿ ಮುಚ್ಚಿಕೊಂಡೆ. ಆಗ ಪರಶುರಾಮರೇ ಎದ್ದು ನಿಂತರು.

"ಬಡದಾಡೂದು ಬ್ಯಾಡ್ರಿ. ನಾ ಊರ ಬಿಟ್ಟ ಬಂದಾಂವ. ಶೆಡ್ ಬಿಡೂದೇನ ದೊಡ್ಡ ಮಾತಲ್ಲ. ತಗೀತೀವಿ."

ಅಷ್ಟು ಹೇಳಿ ಹೊರಟುಹೋದರು. ಠರಾವು ಸರ್ವಾನುಮತದಿಂದ ಪಾಸಾಯಿತು ಎಂದು ಬರೆದುಕೊಂಡೆ. ಜೊತೆಗೆ ಹಿತ್ತಲಿನ ಗೆರೆಯ ಮೇಲೆ ಎಲ್ಲರೂ ಕಾಂಪೌಂಡು ಹಾಕಿಸಬೇಕೆಂದೂ ಠರಾಯಿಸಿದರು, ಮುಂದೆ ಯಾರೂ ಹೀಗೆ ಕಟ್ಟಬಾರದೆಂದು.

ಆಳು ಹಚ್ಚದೆ ಇಬ್ಬರೇ ಕೆಡವಿದರು. ತಗಡು ಇಳಿಸುವಾಗ ಆ ತುದಿಯವರು ಈ ತುದಿಯವರಿಗೆ ಕೈಯಲ್ಲೇ ತಡಿ, ಬಿಡು, ಮೆಲ್ಲಗೆ ಎನ್ನುತ್ತಿದ್ದರು. ಬಯಲಿನಲ್ಲಿ, ದಿನಕರ್ ಮನೆಯ ಬಾಲ್ಕನಿಯ ಕೆಳಗೇ. ಪ್ರವಾಸಿಗರು ಫೋಟೊ ತೆಗೆದರು. ಮಳೆಗೆ ಮುಂಚೆ ಗೋಡೆ ಎದ್ದಿತು, ನಮ್ಮವರ ತಲೆಗಿಂತ ಎತ್ತರ.

ಆಮೇಲಿನದನ್ನು ಹೇಳಲು ನನಗೆ ಸಂಕಟವಾಗುತ್ತದೆ. ನಮ್ಮವರು ಟೀವಿ ಮುಂದೆ ಕೂತರು. ಏನು ನಡೆಯುತ್ತಿದೆ ಎಂದು ಕೇಳಿದರೆ ಅವರಿಗೆ ಗೊತ್ತಿಲ್ಲ. ತೊಡೆಯ ಮೇಲೆ ಇಟ್ಟ ಕೈ ಒಮ್ಮೊಮ್ಮೆ ತಾನೇ ಎದ್ದು ಅರ್ಧಕ್ಕೆ ನಿಂತು ಕೆಳಗೆ ಬೀಳುತ್ತಿತ್ತು. ಊಟ ಕಡಿಮೆಯಾಯಿತು. ಗಡ್ಡ ಬೆಳೆಯಿತು. ಅವರನ್ನು ನೋಡಿ ನನಗೆ ಅಳು ಬರುತ್ತಿತ್ತು, ಆಮೇಲೆ ಸಿಟ್ಟು ಬರುತ್ತಿತ್ತು, ಆಮೇಲೆ ಎರಡಕ್ಕೂ ತ್ರಾಣವಿಲ್ಲದೆ ಅಡುಗೆಮನೆಗೆ ಹೋಗುತ್ತಿದ್ದೆ. ಒಂದು ದಿನ ತಡೆಯಲಾರದೆ ಹೇಳಿದೆ.

"ಏನ್ರಿ, ಪರಶುರಾಮಣ್ಣಗ ಒಂದು ಫೋನರೆ ಮಾಡ್ರಿ."

ಅವರು ತಮ್ಮ ಗುಂಡಿಯ ಫೋನನ್ನು ತಿರುಗಿಸಿ ನೋಡಿದರು. "ಇದರಾಗ ಕೈ ಕಾಣ್ತಾವೇನ?" ಎಂದರು. ನನಗೆ ಗೊತ್ತಿದೆ ಎಂಬುದು ಅವರಿಗೂ ಗೊತ್ತಿತ್ತು. 

ಮಳೆ ಸ್ವಲ್ಪ ಬಿಟ್ಟ ಒಂದು ಸಂಜೆ ಬಾಗಿಲ ಗಂಟೆ ಸದ್ದಾಯಿತು. ಬಾಗಿಲು ತೆಗೆದರೆ ದಿನಕರ್. ಅವರು ಮೊಣಕೈ ಹಿಡಿದು ಕರೆತಂದದ್ದು ಪರಶುರಾಮರನ್ನು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಕೊಡೆ.

"ಮೇಡಂ, ಇವರು ನಮ್ಮ ಹಾಲ್‌ಗೆ ಬಂದು ಸೋಫಾದ ಮೇಲೆ ಕೂತಿದ್ರು. ಗೆಸ್ಟ್ ಅಂದ್ಕೊಂಡು ರೂಮ್ ಬೇಕಾ ಅಂತ ಕೇಳಿದೆ. ಬಸವರಾಜ ಬರ್ಲಿ, ಕಾಯ್ತೀನಿ ಅಂದ್ರು." ಆಮೇಲೆ ಧ್ವನಿ ತಗ್ಗಿಸಿ ಕೇಳಿದರು, "ನಿಮ್ಮ ಹಿಂದಿನ ಮನೆಯವರೇ ಅಲ್ವಾ ಇವರು? ನಿಮ್ಮ ಮನೆ ಗೊತ್ತಿಲ್ವಾ ಇವರಿಗೆ?"

ಗೊತ್ತಿಲ್ಲದೆ ಏನು. ನಮ್ಮ ಒಗೆಯುವ ಕಲ್ಲು ಗೊತ್ತು, ಪಪ್ಪಾಯಿ ಗಿಡ ಗೊತ್ತು, ಅಡುಗೆಮನೆಯ ಕಿಟಕಿಯ ಯಾವ ಸರಳು ಡೊಂಕಾಗಿದೆ ಎಂಬುದೂ ಗೊತ್ತು. ರಸ್ತೆಯ ಕಡೆಯಿಂದ ಈ ಮನೆಯನ್ನು ಅವರು ಯಾವತ್ತೂ ನೋಡಿರಲಿಲ್ಲ, ಅಷ್ಟೇ. ಯಾರನ್ನೂ ಕೇಳಲು ನಾಚಿಕೊಂಡು, ಸಾಲಾಗಿ ನಿಂತ ಕಾರುಗಳ ನಡುವೆ ಗೇಟಿನಿಂದ ಗೇಟಿಗೆ ಇಣುಕುತ್ತ ಬಂದು, ಬಾಗಿಲು ತೆರೆದಿದ್ದ ಮನೆ ಹೊಕ್ಕಿದ್ದರು.  ದಿನಕರ್ ನನ್ನ ಮುಖ ನೋಡಿದರು, ನಮ್ಮ ಮನೆಯ ಹಿಂಭಾಗದ ಕಡೆಗೊಮ್ಮೆ ನೋಡಿದರು, ತಮ್ಮ ಮನೆಯತ್ತ ನಡೆದರು.

ಪರಶುರಾಮರು ಚಪ್ಪಲಿ ಬಿಟ್ಟು ಮೇಲೆ ಕೆಳಗೆ ನೋಡುತ್ತ ಒಳಗೆ ಬಂದರು. "ವೈನಿ, ನಿಮ್ಮ ಮನಿ ಮುಂದಿಂದ ಹಿಂಗ ಐತೇನ್ರಿ" ಎಂದರು.

ನಮ್ಮವರು ಎದ್ದು ನಿಂತು ಟೀವಿ ಆರಿಸಿದರು. ಇಬ್ಬರೂ ಎದುರು ಬದುರು ಸೋಫಾದ ಅಂಚಿನಲ್ಲಿ ಕೂತರು. ಮೇಲೆ ಫ್ಯಾನು, ನಡುವೆ ಗಾಜಿನ ಟೀಪಾಯಿ, ಅದರ ಮೇಲೆ ಪ್ಲಾಸ್ಟಿಕ್ ಹೂವು. ಇಬ್ಬರ ಕೈಗಳೂ ಮೊಣಕಾಲ ಮೇಲೆ ಸುಮ್ಮನಿದ್ದವು. ನಾನು ಗಡಿಬಿಡಿಯಲ್ಲಿ ಒಳಗೆ ಹೋಗಿ ಚಹಾ ಮಾಡಿದೆ. ಗಡಿಬಿಡಿಯಲ್ಲಿಯೇ ಕಪಾಟಿನ ಮೇಲೆ ನೆಂಟರಿಗೆಂದೇ ಇಟ್ಟ ಹೂಬಳ್ಳಿಯ ಕಪ್ಪುಬಸಿ ಇಳಿಸಿ, ಟ್ರೇಯಲ್ಲಿ ಬಿಸ್ಕತ್ತಿಟ್ಟು ತಂದೆ.

ನಮ್ಮವರು ಟ್ರೇ ನೋಡಿದರು. ಅವರ ಮುಖ ಕೆಂಪಾಯಿತು.

"ಅಂವಗ ಯಾಕ ಕಪ್ಪು ಬಸಿ? ಅಂವೇನ ಹೊರಗಿನಾಂವ?"

ನನ್ನ ಕಡೆ ತಿರುಗಿ ಹೇಳಿದ ಮಾತೇ ಆದರೂ, ಪರಶುರಾಮರ ಎದುರು ಅವರು ಬಾಯಿ ಬಿಟ್ಟು ಆಡಿದ ಮಾತು ವರ್ಷದ ಮೇಲೆ ಅದೇ ಮೊದಲು. ನಾನು ಕಪ್ಪು ವಾಪಸು ಎತ್ತಿಕೊಳ್ಳಲು ಬಗ್ಗಿದೆ. ಪರಶುರಾಮರು ತಡೆದರು.

"ಇರ್ಲಿ ಬಿಡೋ ಬಸ್ಯಾ. ಮುಂದಿನ ಬಾಗಲದಿಂದ ಬಂದೇನಿ. ಹೊರಗಿನಾಂವನ."

ಹಾಗೆಂದು, ಚೆಲ್ಲದ ಹಾಗೆ, ಬಸಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತರು.